ಅಪ್ಪನ ಸರದಿ

ಜನವರಿ ೯

ಅಪ್ಪಾ,

ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಮಾಡಿದರೆ ಮೊದಲಿನ ಹಾಗೇ ನಾನೊಬ್ಬಳೇ ಮಾತಾಡುತ್ತೇನೆ, ನೀನು ‘ಹೂಂ’ ಅನ್ನುತ್ತೀಯ, ಕೊನೆಗೆ ‘ಸರಿ ಮತ್ತೆ’ ಅಂತ ಇಟ್ಟುಬಿಡುತ್ತೀಯ. ಈ ಸಲ ನಿನ್ನ ‘ಹೂಂ’ ಸಾಲದು. ಅದಕ್ಕೇ ಕಾಗದ.

ಮೊದಲು ಕೆಲಸದ ವಿಷಯ. ನಾನಿರುವ ಬಡಾವಣೆಯಲ್ಲಿ ಒಂದು ಹಳೇ ಲಾಂಡ್ರಿ ಇದೆ. ಆಸ್ಪತ್ರೆಯ ಹಾಸುಬಟ್ಟೆ ಒಗೆಯುತ್ತಿದ್ದರಂತೆ. ಮೆಷಿನ್ನುಗಳನ್ನು ಯಾವಾಗಲೋ ಕಿತ್ತುಕೊಂಡು ಹೋಗಿದ್ದಾರೆ. ನೆಲದಲ್ಲಿ ನೀರು ಹರಿಯುವ ಸಣ್ಣ ಕಾಲುವೆ, ಗೋಡೆಗೆ ಬಿಳೀ ಟೈಲ್ಸು ಉಳಿದಿವೆ. ಅದೇ ನಮ್ಮ ಕೇಂದ್ರ. ಶಾಲೆ ಬಿಟ್ಟವರು, ಇವತ್ತೋ ನಾಳೆಯೋ ಬಿಡುವವರು, ಒಟ್ಟು ಹದಿನೆಂಟು ಮಕ್ಕಳು ಬರುತ್ತಾರೆ. ಕೇಂದ್ರ ನಡೆಸುವವರು ಒಬ್ಬ ನಿವೃತ್ತ ಡ್ರಾಯಿಂಗ್ ಟೀಚರ್, ಎಲ್ಲರಿಗೂ ಮೇಡಂ. ಅವರು ಲೆಕ್ಕ, ಭಾಷೆ ಹೇಳಿಕೊಡುತ್ತಾರೆ. ನಾನು ರ‍್ಯಾಪ್ ಹೇಳಿಕೊಡುತ್ತೇನೆ. ನಗಬೇಡ. ಹಿಪ್‌ಹಾಪ್ ಅಂದರೆ ಟೋಪಿ ತಿರುಗಿಸಿ ಹಾಕಿಕೊಂಡು ಕಿರುಚುವುದು ಅಂತ ನೀನು ಅಂದುಕೊಂಡಿದ್ದೀಯ. ಮಾತನ್ನು ತಾಳಕ್ಕೆ ಕೂರಿಸುವುದು ಎಷ್ಟು ಕಷ್ಟ ಅಂತ ಒಂದು ದಿನ ಕೂತು ನೋಡಿದರೆ ಗೊತ್ತಾಗುತ್ತೆ. ಒಂದು ಕಡೆ ನೆಟ್ಟಗೆ ಕೂರದ ನಾನು ಇಲ್ಲಿ ಹದಿನಾಲ್ಕು ತಿಂಗಳಿಂದ ಇದ್ದೇನೆ. ಹೊಲಿಗೆ ಅಂಗಡಿ, ಫೋಟೋ ಅಂಗಡಿ, ಟೈರಿನ ಅಂಗಡಿ ನೆನಪು ಮಾಡಿಕೊ. ಅಲ್ಲೆಲ್ಲ ಮೂರು ತಿಂಗಳು ಕಳೆದದ್ದೇ ಹೆಚ್ಚು.

ನಮ್ಮ ಪದ್ಧತಿ: ಕೆಲಸ ಮೊದಲು, ಮೈಕು ಆಮೇಲೆ. ಪಕ್ಕದಲ್ಲಿ ಒಂದು ಐದಂತಸ್ತಿನ ಕಟ್ಟಡ. ಲಿಫ್ಟ್ ಕೆಟ್ಟು ಎಷ್ಟೋ ಕಾಲವಾಗಿದೆ. (ಯಾವ ಕಂಪನಿಯದ್ದು ಅಂತ ಕೇಳಬೇಡ.) ಮೇಲಿನ ಮನೆಗಳ ವಯಸ್ಸಾದವರಿಗೆ ಮಕ್ಕಳು ನೀರು, ಔಷಧಿ, ಸಾಮಾನು ಹೊತ್ತುಕೊಂಡು ಹೋಗುತ್ತಾರೆ, ಕೂತು ಮಾತಾಡಿಸುತ್ತಾರೆ, ಬಂದು ಅದನ್ನೇ ಪದ್ಯ ಕಟ್ಟುತ್ತಾರೆ. ಆಮೇಲೆ ಎಲ್ಲರೂ ಗುಂಡಗೆ ನಿಲ್ಲುತ್ತೇವೆ. ಸುತ್ತು ಅನ್ನುತ್ತೇವೆ ಅದಕ್ಕೆ. ಒಬ್ಬಳು ತಾಳ ಹಾಕುತ್ತಾಳೆ, ಉಳಿದವರು ಒಬ್ಬೊಬ್ಬರಾಗಿ ನಡುವೆ ಬಂದು ಹೇಳುತ್ತಾರೆ. ಇನ್ನೊಬ್ಬರ ಸಾಲು ಕದಿಯುವ ಹಾಗಿಲ್ಲ. ಸುಳ್ಳು ಹೇಳುವ ಹಾಗಿಲ್ಲ.

ಕಳೆದ ತಿಂಗಳು ನಾಲ್ಕನೇ ಮಹಡಿಯ ಟೈಲರಜ್ಜಿಯ ಮೇಲೆ ಮಕ್ಕಳು ಪದ್ಯ ಕಟ್ಟಿ ಅವರ ಮನೆಯಲ್ಲೇ ಹೇಳಿದರು. ‘ಕಿಟಕಿಯ ಪಕ್ಕ ಕೂತಿದ್ದಾಳೆ, ಯಾರನ್ನೋ ಕಾಯುತಿದ್ದಾಳೆ’ ಅಂತ. ಕಣ್ಣೀರು ಬರಿಸುವ ಹಾಗೆ ಹೇಳಿದರು. ಅಜ್ಜಿ ಕನ್ನಡಕ ತೆಗೆದರು. ‘ಯಾರ್ರೋ ಹೇಳಿದ್ದು ನಾನು ಕಾಯ್ತಿದ್ದೀನಿ ಅಂತ? ಕಿಟಕಿ ಹತ್ರ ಬೆಳಕು ಚೆನ್ನಾಗಿದೆ, ಸೂಜಿಗೆ ದಾರ ಪೋಣಿಸ್ತೀನಿ! ನನ್ನ ಬಗ್ಗೆ ಬಾಯಿಗೆ ಬಂದದ್ದು ಹೇಳಿ ನನಗೆ ಮೈಕು ಕೊಡದೆ ಹೋಗ್ತೀರಾ?’ ಅಂದರು. ಮೈಕು ಕೊಟ್ಟೆವು. ಇಪ್ಪತ್ತು ನಿಮಿಷ ಬಿಡಲಿಲ್ಲ.

ಅವತ್ತು ಮಕ್ಕಳೇ ಒಂದು ನಿಯಮ ಮಾಡಿದರು. ಯಾರ ಬಗ್ಗೆ ಪದ್ಯ ಹೇಳುತ್ತೇವೋ ಅವರಿಗೆ ಒಂದು ಸರದಿ ಇದೆ. ಆಗ ಮುಳ್ಳಿ ನನ್ನ ಕಡೆ ತಿರುಗಿದಳು. ಹದಿಮೂರು ವರ್ಷ, ಯಾರು ಮುಟ್ಟಿದರೂ ಚುಚ್ಚುತ್ತಾಳೆ, ಅದಕ್ಕೇ ಆ ಹೆಸರು. ‘ಅಕ್ಕಾ, ನಿಮ್ಮಪ್ಪಂಗೆ ಸರದಿ ಕೊಟ್ರಾ?’

ನಿನ್ನ ಮೇಲೆ ನನ್ನದೊಂದು ಪದ್ಯ ಇದೆ ಅಪ್ಪಾ. ಈ ಕೆಲಸ ಸಿಕ್ಕಿದ್ದೇ ಅದರಿಂದ. ಮಕ್ಕಳಿಗೆಲ್ಲ ಬಾಯಿಪಾಠ. ಮುಳ್ಳಿ ತಾನು ಶಾಲೆ ಬಿಟ್ಟ ಕಥೆಯನ್ನು ಅದೇ ಅಚ್ಚಿನಲ್ಲಿ ಕಟ್ಟಿದ್ದಾಳೆ, ನನ್ನದರಲ್ಲಿ ಅಪ್ಪ, ಅವಳದರಲ್ಲಿ ಅಮ್ಮ. ಏಪ್ರಿಲ್ ಕೊನೆಗೆ ಬೀದಿ ಕಡೆಯ ಗೋಡೆಗೆ ನನ್ನ ನಾಲ್ಕು ಸಾಲನ್ನು ಆಳೆತ್ತರದ ಅಕ್ಷರದಲ್ಲಿ ಬರೆಸುತ್ತಾರೆ. ಅದಕ್ಕೆ ಮೊದಲು ನೀನು ನೋಡಬೇಕು:

ಒಂಬತ್ತನೇ ಕ್ಲಾಸು, ಕೊನೇ ಬೆಂಚಿನ ಸಾಲು,
ಬಾಗಿಲಲ್ಲಿ ಅಪ್ಪ, ಗ್ರೀಸು ಮೆತ್ತಿದ ಕಾಲು,
ಒಂದೇ ಮಾತು ಅಂದ, ನನ್ನ ಮುಖ ನೋಡಲಿಲ್ಲ:
ಬಿಟ್ಟುಬಿಡಿ ಮೇಡಂ, ಇವಳು ಓದೋ ಹುಡುಗಿ ಅಲ್ಲ.

ನಿನ್ನ ಸರದಿ. ಬಂದರೂ ಸರಿ, ಬರೆದರೂ ಸರಿ.

ನಿನ್ನ
ಗಿರಗಿಟ್ಲೆ


ಜನವರಿ ೨೮

ಗಿರಗಿಟ್ಲೆಗೆ,

ಇಲ್ಲಿ ಎಲ್ಲ ಸರಿಯಾಗಿದೆ. ಸರಿಯಿಲ್ಲದ್ದು ಮೊಣಕಾಲು ಒಂದೇ. ನಿನ್ನ ಕಾಗದವನ್ನು ಲಿಫ್ಟಿನ ಯಂತ್ರದ ಕೋಣೆಯಲ್ಲಿ ಕೂತು ಎರಡು ಸಲ ಓದಿದೆ. ಒಂದೇ ಕಡೆ ಹದಿನಾಲ್ಕು ತಿಂಗಳು ಇದ್ದೀಯ ಅಂತ ಓದಿ ಆಶ್ಚರ್ಯವಾಯಿತು. ನಿಮ್ಮ ಅಮ್ಮ ಇದ್ದಿದ್ದರೆ ನಂಬುತ್ತಿರಲಿಲ್ಲ.

ಪದ್ಯ ನಾನು ಮೊದಲೇ ಕೇಳಿದ್ದೇನೆ. ಎರಡು ವರ್ಷವಾಯಿತು. ಜೊತೆಯಲ್ಲಿ ಕೆಲಸ ಮಾಡುವವನ ಮೊಬೈಲಿಗೆ ಬಂತು. ‘ಗುರುವೇ, ಇದು ನಿಮ್ಮ ಮಗಳ ದನಿ ಅಲ್ವಾ?’ ಅಂದ. ಪೂರ್ತಿ ಕೇಳಿ ‘ಇರಬಹುದು’ ಅಂದೆ. ಆಮೇಲೆ ಒಂದು ವಾರ ಅವನು ನನ್ನನ್ನು ಗೇಲಿ ಮಾಡಲಿಲ್ಲ. ದಿನಾ ಮಾಡುವವನು. ಅದು ಕಷ್ಟವಾಯಿತು.

ಕಾಲಿಗೆ ಗ್ರೀಸು ಮೆತ್ತಿರಲಿಲ್ಲ. ಶಾಲೆಗೆ ಬರಬೇಕು ಅಂತ ಆ ದಿನ ಕಾಲು ತೊಳೆದು ಬೇರೆ ಚಪ್ಪಲಿ ಹಾಕಿಕೊಂಡಿದ್ದೆ. ಇರಲಿ, ಮೇಲಿನ ಸಾಲಿಗೆ ಹೊಂದಬೇಕಲ್ಲ.

ನನಗೆ ಸರದಿ ಬೇಡ. ಇಪ್ಪತ್ತೇಳು ವರ್ಷದಿಂದ ಲಿಫ್ಟ್ ರಿಪೇರಿ ಮಾಡಿಕೊಂಡು ಬಂದವನು, ಮೈಕಿನಲ್ಲಿ ಏನು ಮಾತಾಡಲಿ? ಬಸ್ಸಿನಲ್ಲಿ ಆದ ಮಾತು ನಿನ್ನ ಪದ್ಯದಲ್ಲಿ ಬರಲಿಲ್ಲ. ಜಾಗ ಸಾಲಲಿಲ್ಲವೇನೋ ಅಂದುಕೊಂಡೆ.

ಆ ಲಿಫ್ಟ್ ಯಾವ ಕಂಪನಿಯದ್ದು? ಕೇಳಬೇಡ ಅಂದಿದ್ದೀಯ, ಆದರೂ ಕೇಳುತ್ತಿದ್ದೇನೆ. ಬಾಗಿಲ ಕೆಳಗಿನ ಪಟ್ಟಿಯ ಮೇಲೆ ಬರೆದಿರುತ್ತೆ.

ಊಟ ಹೊತ್ತಿಗೆ ಸರಿಯಾಗಿ ಮಾಡು.

ಅಪ್ಪ


ಫೆಬ್ರವರಿ ೨

ಅಪ್ಪಾ,

ಯಾವ ಬಸ್ಸು? ಏನು ಮಾತು? ನನಗೆ ನೆನಪಿಲ್ಲ. ನೀನು ಶಾಲೆಗೆ ಬಂದೆ, ಆ ಮಾತು ಹೇಳಿದೆ, ನಾನು ಚೀಲ ಎತ್ತಿಕೊಂಡು ಬಂದೆ. ನನಗೆ ಗೊತ್ತಿರುವುದು ಅಷ್ಟೇ. ಬೇರೆ ಏನಾದರೂ ಇದ್ದರೆ ಬಿಡಿಸಿ ಬರೆ, ಒಗಟು ಬೇಡ.

ಗಿರಗಿಟ್ಲೆ


ಫೆಬ್ರವರಿ ೫

ಅಪ್ಪಾ,

ಮೊನ್ನೆ ಬರೆದದ್ದು ಸುಳ್ಳು. ಆ ಕಾಗದವನ್ನು ಡಬ್ಬಿಗೆ ಹಾಕಿ ಬಂದ ಮೇಲೆ ಮಕ್ಕಳಿಗೆ ಪಾಠ ಮಾಡಬೇಕಿತ್ತು. ಅವತ್ತು ನಾನು ಒಂದು ಸಾಲು ಕೂಡ ಹೇಳಿಕೊಡಲಿಲ್ಲ. ಎಲ್ಲರನ್ನೂ ನೆಲ ತೊಳೆಯಲು ಹಚ್ಚಿದೆ.

ನೆನಪಿದೆ. ಎಲ್ಲ ನೆನಪಿದೆ. ಅಮ್ಮ ತೀರಿಕೊಂಡು ಏಳು ತಿಂಗಳಾಗಿತ್ತು. ಶಾಲೆಯಿಂದ ವಾರಕ್ಕೊಂದು ಸಲ ನಿನಗೆ ಫೋನ್ ಹೋಗುತ್ತಿತ್ತು. ಕ್ಲಾಸಿನಿಂದ ಎದ್ದು ಹೋದಳು, ಎದುರು ಮಾತಾಡಿದಳು, ಗಾಜು ಒಡೆದಳು. ಆ ದಿನ ನಾನು ನಿನ್ನ ಜೊತೆಗೇ ಬಸ್ಸು ಹತ್ತಿದೆ. ಕಂಬಿ ಹಿಡಿದು ನಿಂತಿದ್ದೆವು. ‘ಅಪ್ಪಾ, ನನಗೆ ಅಲ್ಲಿ ಕೂರೋಕೆ ಆಗಲ್ಲ. ಬಿಡಿಸಿಬಿಡು. ನಾನೇ ಬಿಟ್ಟರೆ ದಡ್ಡಿ ಅಂತಾರೆ. ನೀನು ಕೇಳಿದರೆ ಯಾರೂ ಏನೂ ಅನ್ನಲ್ಲ’ ಅಂದೆ. ಒಂದೇ ಸಮ ಗೋಗರೆದೆ. ನೀನು ‘ದೊಡ್ಡವರ ಮುಂದೆ ನನಗೆ ಮಾತು ಬರಲ್ಲ ಕಣೇ, ಏನಂತ ಹೇಳಲಿ?’ ಅಂದೆ. ಆಗ ನಾನು ಹೇಳಿಕೊಟ್ಟೆ. ‘ಹೀಗೆ ಹೇಳು: ಬಿಟ್ಟುಬಿಡಿ ಮೇಡಂ, ಇವಳು ಓದೋ ಹುಡುಗಿ ಅಲ್ಲ.’ ನೀನು ತುಟಿ ಅಲ್ಲಾಡಿಸುತ್ತಾ ಬಾಯಿಪಾಠ ಮಾಡಿದೆ. ಎರಡು ಸ್ಟಾಪು ದಾಟುವವರೆಗೂ.

ಆ ಸಾಲು ನನ್ನದು. ನಾನು ಕಟ್ಟಿದ ಮೊದಲ ಸಾಲು ಅದೇ ಇರಬೇಕು.

ಮರೆತಿದ್ದೆ ಅಂತ ಬರೆದರೆ ನಿನಗೂ ಹಗುರ, ನನಗೂ ಹಗುರ. ಆದರೆ ಮರೆತಿರಲಿಲ್ಲ. ಇಲ್ಲಿಗೆ ಬರುವ ಮುಂಚೆ, ಮೊದಲ ಸಲ ಜನರ ಮುಂದೆ ಹೇಳುವಾಗ ಬಸ್ಸನ್ನು ಬಿಟ್ಟೆ, ತಾಳಕ್ಕೆ ಕೂರುತ್ತಿರಲಿಲ್ಲ ಅಂತ. ಜನ ಚಪ್ಪಾಳೆ ಹೊಡೆದರು. ಎರಡನೇ ಸಲ ಚಪ್ಪಾಳೆಗೋಸ್ಕರವೇ ಬಿಟ್ಟೆ. ಆಮೇಲೆ ಬಿಡುವ ಪ್ರಶ್ನೆಯೇ ಬರಲಿಲ್ಲ, ಹಾಗೇ ನಡೆಯಿತು. ‘ಸುತ್ತಿನಲ್ಲಿ ಸುಳ್ಳು ಹೇಳಬಾರದು’ ಅಂತ ನನ್ನ ಕೈಯಾರೆ ಬಾಗಿಲ ಮೇಲೆ ಬರೆದು ಹಚ್ಚಿದ್ದೇನೆ. ಅದರ ಕೆಳಗೇ ನಿಂತು ಹೇಳುತ್ತಿದ್ದೆ.

ನೀನು ಎರಡು ವರ್ಷ ಯಾಕೆ ಸುಮ್ಮನಿದ್ದೆ? ಒಂದು ಸಲ ಬೈಯಬಹುದಿತ್ತಲ್ಲ.

ಮಕ್ಕಳಿಗೆ ಹೇಳುತ್ತೇನೆ.

ಗಿರಗಿಟ್ಲೆ


ಫೆಬ್ರವರಿ ೧೭

ಗಿರಗಿಟ್ಲೆಗೆ,

ಮಕ್ಕಳಿಗೆ ಹೇಳುವುದು ಬೇಡ. ಯಾವತ್ತೋ ಆದದ್ದು. ನಾನು ಇಲ್ಲಿ ಇದ್ದೇನೆ, ಅವರು ಅಲ್ಲಿ ಇದ್ದಾರೆ. ನನ್ನ ಬಗ್ಗೆ ಅವರು ಏನು ಅಂದುಕೊಂಡರೂ ನನ್ನ ಊಟ ಕಮ್ಮಿಯಾಗುವುದಿಲ್ಲ. ನಿನಗೆ ಒಂದು ಕಡೆ ಕಾಲು ನಿಂತಿದೆ. ಅದನ್ನು ನೀನೇ ಅಲ್ಲಾಡಿಸಬೇಡ.

ಯಾಕೆ ಸುಮ್ಮನಿದ್ದೆ ಅಂತ ಕೇಳಿದ್ದೀಯ. ಬರೆಯಲು ನೋಡಿದೆ. ಆಗಲಿಲ್ಲ.

ಪದ್ಯ ಚೆನ್ನಾಗಿದೆ. ಹಾಗೇ ಇರಲಿ ಬಿಡು. ನಾನು ಒಪ್ಪಿದ್ದೇನೆ ಅಂತ ಇಟ್ಟುಕೊ.

ಅಪ್ಪ


ಮಾರ್ಚ್ ೧೧

ಅಪ್ಪಾ,

ಹೇಳಿಬಿಟ್ಟೆ.

ಮೊದಲು ಮೇಡಂ ಹತ್ತಿರ ಹೋದೆ. ಕುಂಚ ತೊಳೆಯುತ್ತಿದ್ದರು. ಪೂರ್ತಿ ಕೇಳಿದರು. ‘ನೋಡಮ್ಮ, ಈ ಹದಿನೆಂಟು ಮಕ್ಕಳಲ್ಲಿ ಏಳು ಜನ ವಾಪಸ್ ಶಾಲೆಗೆ ಹೋಗ್ತಿದ್ದಾರೆ. ಅದು ನನ್ನ ಲೆಕ್ಕದ ಪಾಠ ಕೇಳಿ ಅಲ್ಲ. ನಿನ್ನ ಆ ನಾಲ್ಕು ಸಾಲು ಕೇಳಿ. ನಮ್ಮನ್ನ ಯಾರೂ ಹಾಗನ್ನಬಾರದು ಅಂತ ಹಟ ಹಿಡಿದು ಹೋದ್ರು. ಅವರಿಗೆ ಈಗ ಏನು ಹೇಳ್ತೀಯ?’

‘ಆದದ್ದನ್ನ ಹೇಳ್ತೀನಿ.’

‘ಹೊಟ್ಟೆನೋವು ನಿನ್ನದು. ಔಷಧಿ ಅವರಿಗೆ ಕುಡಿಸ್ತೀಯಾ?’

ಅವರ ಮಾತಿನಲ್ಲಿ ನ್ಯಾಯ ಇದೆ. ಆದರೆ ಆ ಬಾಗಿಲ ಕೆಳಗೆ ಇನ್ನೊಂದು ಸಲ ನಿಂತು ಅದೇ ಪದ್ಯ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಎರಡು ವಾರ ಗಂಟಲು ಕಟ್ಟಿದೆ ಅಂತ ನೆಪ ಹೇಳಿ ತಪ್ಪಿಸಿದೆ. ಮೂರನೇ ವಾರ ನೆಪವೂ ಸುಳ್ಳೇ ಅಂತ ಹೊಳೆಯಿತು.

ಶನಿವಾರ ಸುತ್ತು ಸೇರಿದಾಗ ತಾಳ ಹಾಕುವವಳಿಗೆ ಬೇಡ ಅಂದೆ. ಬಸ್ಸಿನ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ.

‘ಹಾಗಾದ್ರೆ ನಿಮ್ಮಪ್ಪ ಬಿಡಿಸಲಿಲ್ವಾ ಅಕ್ಕಾ?’

‘ನಾನೇ ಬಿಡಿಸಿಕೊಂಡೆ.’

‘ಮತ್ತೆ ಆ ಮಾತು?’

‘ನನ್ನದೇ. ಅಪ್ಪನ ಬಾಯಿಗೆ ಹಾಕಿದ್ದು.’

ಆಮೇಲೆ ಎಲ್ಲದಕ್ಕೂ ಕೊಂಕು ತೆಗೆಯುವ ಒಬ್ಬಳು ಹಿಂದಿನಿಂದ, ‘ಸಾಲು ಕದಿಯೋದು ಕೇಳಿದ್ದೆ. ತನ್ನ ಸಾಲನ್ನ ಇನ್ನೊಬ್ಬರ ಜೇಬಿಗೆ ತುರುಕಿ ಅವರನ್ನೇ ಕಳ್ಳ ಅನ್ನೋದು ಇವತ್ತೇ ಕೇಳಿದ್ದು’ ಅಂದಳು. ಒಂದಿಬ್ಬರು ನಕ್ಕರು. ನಾನೂ ನಗಲು ನೋಡಿದೆ.

ಮುಳ್ಳಿ ನಗಲಿಲ್ಲ. ‘ನಿಮ್ಮದು ಕೇಳಿ ನಾನು ನಂದು ಕಟ್ಟಿದ್ದು’ ಅಂದಳು. ‘ತಮ್ಮನ್ನ ನೋಡ್ಕೊಳ್ಳೋಕೆ ಅಮ್ಮ ಶಾಲೆ ಬಿಡಿಸಿದ್ಲು ಅಂತ. ಅಮ್ಮ ಹಾಗೆ ಹೇಳೇ ಇಲ್ಲ. ನನಗೇ ಹೋಗೋಕೆ ಮನಸ್ಸಿರಲಿಲ್ಲ. ನಿಮ್ಮದು ಗಟ್ಟಿಯಾಗಿ ಕೇಳ್ಸುತ್ತೆ, ನಂದೂ ಹಾಗೇ ಇರಲಿ ಅಂತ ಹಾಕಿದೆ. ಅಮ್ಮನ ಎದುರಿಗೇ ಹೇಳಿದೆ. ಅವತ್ತಿಂದ ಅವಳು ನನ್ನ ತಲೆ ಬಾಚ್ತಿಲ್ಲ.’ ಪುಸ್ತಕ ಎತ್ತಿಕೊಂಡು ಹೊರಟುಹೋದಳು.

ಒಂಬತ್ತು ದಿನ ಬರಲಿಲ್ಲ. ನಿನ್ನೆ ಅವಳ ಮನೆಗೆ ಹೋದೆ. ಅವಳ ಅಮ್ಮ ಆಸ್ಪತ್ರೆಯಲ್ಲಿ ವಾರ್ಡು ಗುಡಿಸಿ ಒರೆಸುತ್ತಾರೆ. ಆಗ ತಾನೇ ಕೆಲಸ ಮುಗಿಸಿ ಬಂದಿದ್ದರು, ಇನ್ನೂ ಅದೇ ಬಟ್ಟೆಯಲ್ಲಿದ್ದರು. ಬಾಗಿಲನ್ನು ಅರ್ಧ ತೆರೆದು, ‘ನೀನೇನಾ ಆ ಅಕ್ಕ?’ ಅಂದರು. ಹೌದು ಅಂದೆ. ‘ಏನಮ್ಮ ಕಲಿಸ್ತೀಯ ನೀನು? ಹೆತ್ತವರನ್ನ ತಾಳಕ್ಕೆ ಸರಿಯಾಗಿ ಬೈಯೋದಾ?’

ತಪ್ಪಾಯಿತು ಅಂದೆ. ಕೇಳಿಸಿಕೊಂಡರೋ ಇಲ್ಲವೋ. ಒಳಗಿಂದ ಮುಳ್ಳಿಯ ದನಿ ಬಂತು. ‘ಅಮ್ಮಾ, ಅವರಿಗೆ ಹೇಳು. ಮೊದ್ಲೂ ಅವರೇ ಹೇಳಿದ್ರು, ಈಗ್ಲೂ ಅವರೇ ಹೇಳ್ತಿದ್ದಾರೆ. ಯಾವುದನ್ನ ನಂಬೋದು? ಅವರಪ್ಪ ಬಂದು ಹೇಳ್ಲಿ. ಆಗ ಬರ್ತೀನಿ.’

ಉಳಿದ ಮಕ್ಕಳೂ ಅದನ್ನೇ ಹೇಳುತ್ತಿದ್ದಾರೆ. ಗೋಡೆ ಬರೆಸುವುದನ್ನು ಮೇಡಂ ಮುಂದಕ್ಕೆ ಹಾಕಿದ್ದಾರೆ. ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ಅವರು ಹೇಳಿಲ್ಲ, ನಾನೂ ಕೇಳಿಲ್ಲ.

ನೀನು ಬೇಡ ಅಂದಿದ್ದೀಯ. ಬಲವಂತ ಇಲ್ಲ. ಆದರೆ ಆ ಹುಡುಗಿ ಮನೆಯಲ್ಲೇ ಉಳಿದರೆ ಅವಳನ್ನು ಅಲ್ಲಿ ಕೂರಿಸಿದ್ದು ನಾನು. ಅದಕ್ಕೇ ಇನ್ನೊಂದು ಸಲ ಕೇಳುತ್ತಿದ್ದೇನೆ. ಬರುತ್ತೀಯಾ?

ಗಿರಗಿಟ್ಲೆ


ಮಾರ್ಚ್ ೨೪

ಗಿರಗಿಟ್ಲೆಗೆ,

ಬರುತ್ತೇನೆ. ಏಪ್ರಿಲ್ ಹನ್ನೆರಡು, ಶನಿವಾರ, ಬೆಳಗಿನ ಮೊದಲ ಬಸ್ಸು. ಸಾಯಂಕಾಲ ನಾಲ್ಕಕ್ಕೆ ವಾಪಸ್ ಹೊರಡಬೇಕು, ಭಾನುವಾರ ನನ್ನ ಪಾಳಿ ಇದೆ.

ನೀನು ಮಕ್ಕಳಿಗೆ ಹೇಳಿದ್ದರಲ್ಲಿ ಒಂದು ವಿಷಯ ಸರಿಯಿಲ್ಲ. ಬರೆಯಲು ಕೂತೆ, ಮೂರು ಹಾಳೆ ಹರಿದು ಹಾಕಿದೆ. ಬಂದೇ ಹೇಳುತ್ತೇನೆ.

ತಾಳ ಬೇಡ ಅಂತ ಹೇಳಿರು. ನನ್ನ ಮಾತು ತಾಳಕ್ಕೆ ಕೂರುವುದಿಲ್ಲ.

ಅಪ್ಪ


ಏಪ್ರಿಲ್ ೧೬

ಅಪ್ಪಾ,

ಊರು ಸೇರಿದ ಸುದ್ದಿ ತಿಳಿಯಿತು. ಬಸ್‌ಸ್ಟ್ಯಾಂಡಿನಲ್ಲಿ ನೀರಿನ ಬಾಟಲಿ ತಂದುಕೊಟ್ಟೆ, ಅಷ್ಟೇ. ನಾಲ್ಕು ದಿನ ಯೋಚಿಸಿ ಬರೆಯುತ್ತಿದ್ದೇನೆ.

ನೀನು ಹತ್ತು ಗಂಟೆಗೆ ಬರಬೇಕಾದವನು ಹನ್ನೊಂದಕ್ಕೆ ಬಂದೆ. ಬರಲಿಲ್ಲ, ಮನಸ್ಸು ಬದಲಾಯಿಸಿದ ಅಂತ ನಾನು ಅಂದುಕೊಂಡಿದ್ದೆ. ನೋಡಿದರೆ ಪಕ್ಕದ ಕಟ್ಟಡದ ಲಿಫ್ಟಿನ ಬಾಗಿಲು ಸರಿಸಿ ಒಳಗೆ ಇಣುಕುತ್ತಾ ನಿಂತಿದ್ದೆ, ಸುತ್ತಲೂ ಮಕ್ಕಳು. ‘ತಾತಾ, ಸರಿ ಮಾಡ್ತೀರಾ?’ ಅಂತ ಅವರು ಕೇಳಿದಾಗ ‘ಇದು ಇನ್ನು ಏಳಲ್ಲ ಮಗಾ. ಹಗ್ಗ, ಮೋಟಾರು ಎರಡೂ ಹೋಗಿವೆ. ಹೊಸದೇ ಹಾಕಬೇಕು’ ಅಂದೆಯಂತೆ. ಅವರ ಮುಖ ಸಪ್ಪಗಾಯಿತಂತೆ. ಆದರೆ ಅಲ್ಲೇ ಅವರು ನಿನ್ನನ್ನು ನಂಬಿದ್ದು ಅಂತ ನನಗೆ ಅನ್ನಿಸುತ್ತೆ. ಮುಳ್ಳಿ ಬಂದು ಬಾಗಿಲ ಹೊರಗೇ ನಿಂತಿದ್ದಳು.

ನೀನು ನಡುವೆ ಬಂದು ನಿಂತೆ. ಮೈಕನ್ನು ಟಾರ್ಚಿನ ಹಾಗೆ ಹಿಡಿದಿದ್ದೆ. ‘ನಾನು ಇವಳ ಅಪ್ಪ’ ಅಂದೆ. ‘ಇವಳು ಹೇಳಿದ್ದು ನಿಜ. ಬಸ್ಸಿನಲ್ಲಿ ಆ ಮಾತು ಹೇಳಿಕೊಟ್ಟವಳು ಇವಳೇ. ಆದರೆ ಪೂರ್ತಿ ನಿಜ ಅಲ್ಲ. ಇವಳು ಎರಡು ಮಾತು ಹೇಳಿಕೊಟ್ಟಿದ್ಲು. ಇವಳು ಓದೋ ಹುಡುಗಿ ಅಲ್ಲ ಅನ್ನೋದು ಒಂದು. ಮುಂದಿನ ವರ್ಷ ಬೇರೆ ಶಾಲೆಗೆ ಸೇರಿಸ್ತೀನಿ ಅನ್ನೋದು ಇನ್ನೊಂದು. ನಾನು ಮೊದಲನೇದು ಹೇಳಿದೆ. ಎರಡನೇದು ಹೇಳಲಿಲ್ಲ.’

‘ಮರೆತ್ರಾ ತಾತಾ?’

‘ಇಲ್ಲ. ನಾಲಿಗೆ ತುದೀಲಿತ್ತು. ಹೇಳಿದ್ರೆ ಸೇರಿಸಬೇಕಾಗುತ್ತೆ ಅಂತ ಹೇಳಲಿಲ್ಲ. ಹೆಂಡತಿ ಹೋಗಿದ್ಲು. ವಾರ ವಾರ ಶಾಲೆಯಿಂದ ಫೋನು. ಲಿಫ್ಟಿನ ಬಾವಿಯಿಂದ ಹತ್ತಿ ಬಂದು, ಕೈ ಒರೆಸ್ಕೊಂಡು, ಬೈಸ್ಕೊಂಡು, ಮತ್ತೆ ಇಳೀಬೇಕು. ನನಗೆ ಸಾಕಾಗಿತ್ತು. ಶಾಲೆಯಿಂದ ಅಲ್ಲ. ಇವಳಿಂದ ಸಾಕಾಗಿತ್ತು. ಮಾತು ಇವಳೇ ಹೇಳಿಕೊಟ್ಟಿದ್ದು ನನಗೆ ಅನುಕೂಲ ಆಯ್ತು. ಇವಳೇ ಕೇಳಿದ್ದಲ್ವಾ ಅಂತ ಆರು ವರ್ಷ ನನಗೆ ನಾನೇ ಹೇಳ್ಕೊಂಡೆ.’

ಇದನ್ನು ಯಾಕೆ ಮತ್ತೆ ಬರೆಯುತ್ತಿದ್ದೇನೆ ಅಂದರೆ, ಒಂದಕ್ಷರ ಬಿಡದೆ ನನ್ನ ಹತ್ತಿರ ಇರಬೇಕು ಅಂತ. ಬಿಡುವುದು ಎಷ್ಟು ಸುಲಭ ಅಂತ ನನಗೆ ಗೊತ್ತು.

ಆ ಎರಡನೇ ಮಾತು ನನಗೆ ನೆನಪಿರಲಿಲ್ಲ. ಇದೇ ಮಾತನ್ನು ಫೆಬ್ರವರಿಯಲ್ಲಿ ಸುಳ್ಳಾಗಿ ಬರೆದಿದ್ದೆ, ಈ ಸಲ ನಂಬು. ನೀನು ಹೇಳಿದ ಮೇಲೆ ಬಂತು. ಹೆಡ್‌ಮಿಸ್ ಕೋಣೆ, ಕಪಾಟಿಗೆ ಒರಗಿ ನಾನು. ನೀನು ಮೊದಲನೆಯದನ್ನು ಹೇಳಿದೆ. ಎರಡನೆಯದಕ್ಕೆ ನಾನು ಕಾದೆ. ನೀನು ಪೆನ್ನು ತೆಗೆದುಕೊಂಡು ಸಹಿ ಮಾಡಿದೆ. ನಾನು ಇನ್ನೂ ಕಾಯುತ್ತಿದ್ದೆ. ‘ಅಪ್ಪಾ, ಇನ್ನೊಂದು’ ಅಂತ ನಾನೂ ಅನ್ನಬಹುದಿತ್ತು. ಅನ್ನಲಿಲ್ಲ. ಇಷ್ಟು ವರ್ಷ ನಿನ್ನ ಮೇಲಿದ್ದ ಸಿಟ್ಟು ಯಾವುದಕ್ಕೆ ಅಂತ ನನಗೇ ಸರಿಯಾಗಿ ಗೊತ್ತಿರಲಿಲ್ಲ. ನೀನು ಹೇಳಿದ ಮಾತಿಗೆ ಸಿಟ್ಟು ಅಂದುಕೊಂಡು ಪದ್ಯ ಕಟ್ಟಿದ್ದೆ. ಹೇಳದೇ ಬಿಟ್ಟದ್ದಕ್ಕೆ ಇತ್ತು.

ಕ್ಷಮಿಸಿದ್ದೇನೆ ಅಂತ ಬರೆಯುವುದಿಲ್ಲ. ಕ್ಷಮಿಸು ಅಂತಲೂ ಇವತ್ತು ಬರೆಯುವುದಿಲ್ಲ. ‘ಇವಳಿಂದ ಸಾಕಾಗಿತ್ತು’ ಅನ್ನುವುದು ನೆನಪಾದಾಗಲೆಲ್ಲ ಕೈಯಲ್ಲಿದ್ದದ್ದನ್ನು ಕೆಳಗಿಡುತ್ತೇನೆ. ಆದರೂ ಗೊತ್ತಿಲ್ಲದೆ ಇರುವುದಕ್ಕಿಂತ ಇದು ವಾಸಿ. ಹೀಗೆ ಮುಚ್ಚಿಡದೆ ಹೇಳುವುದು ನನಗೆ ಎಲ್ಲಿಂದ ಬಂತು ಅಂತಲೂ ಗೊತ್ತಾಯಿತು.

ಗೋಡೆಗೆ ನನ್ನ ಸಾಲು ಬರುವುದಿಲ್ಲ. ಮಕ್ಕಳು ಬೇರೇನೋ ಯೋಚಿಸುತ್ತಿದ್ದಾರೆ, ನನ್ನನ್ನು ಕೇಳುತ್ತಿಲ್ಲ. ಶಾಲೆಗೆ ಹೋಗುತ್ತಿದ್ದ ಏಳು ಜನರಲ್ಲಿ ಇಬ್ಬರು ರಜೆ ಮುಗಿದ ಮೇಲೆ ಹೋಗಲ್ಲ ಅನ್ನುತ್ತಿದ್ದಾರೆ. ಅದನ್ನೂ ಬರೆಯಬೇಕಲ್ಲ. ಅವರ ಮನೆಗಳಿಗೆ ನಾನು, ಮೇಡಂ ಇಬ್ಬರೂ ದಿನಾ ಹೋಗುತ್ತಿದ್ದೇವೆ. ‘ನಿನ್ನ ಔಷಧಿ ಬಹಳ ಕಹಿ ಕಣಮ್ಮ’ ಅಂದರು ಮೇಡಂ, ದಾರಿಯಲ್ಲಿ. ಆದರೆ ಕೇಂದ್ರಕ್ಕೆ ನೀನು ಬರಬೇಡ ಅಂತ ಅನ್ನಲಿಲ್ಲ. ಮುಳ್ಳಿ ಸೋಮವಾರ ಅವಳ ಅಮ್ಮನನ್ನು ಕರೆದುಕೊಂಡು ಬಂದಳು. ಸರದಿ ಕೊಟ್ಟೆವು. ‘ಮೈಕು ಯಾಕೆ, ನನಗೆ ಗಂಟಲಿದೆ’ ಅಂದವರು ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಬೈದರು, ತಾಳ ಹಾಕುವವಳನ್ನೂ ಬಿಡಲಿಲ್ಲ.

ಮುಳ್ಳಿ ಒಂದು ವಿಷಯ ಕೇಳುತ್ತಿದ್ದಾಳೆ. ಅವತ್ತು ಕೊನೆಗೆ ಅವಳು ಬಾಗಿಲಲ್ಲೇ ನಿಂತು ‘ತಾತಾ, ಈಗ್ಲೂ ಸಾಕಾಗಿದ್ಯಾ?’ ಅಂದಳಲ್ಲ. ನೀನು ಮೈಕು ಕೆಳಗಿಟ್ಟೆ, ಗಡಿಯಾರ ನೋಡಿದೆ, ಬಸ್ಸಿಗೆ ಹೊತ್ತಾಯಿತು ಅಂದೆ. ಆಗ ಇನ್ನೂ ಎರಡೂವರೆ. ‘ನಿಮ್ಮಪ್ಪ ಉತ್ತರ ಕೊಡಲಿಲ್ಲ’ ಅಂತ ಅವಳು ದಿನಾ ಹೇಳುತ್ತಾಳೆ. ನಾನು ಕೇಳುತ್ತಿಲ್ಲ ಅಪ್ಪಾ, ಅವಳು ಕೇಳುತ್ತಿರುವುದು.

ಇದೂ ಸುಳ್ಳು. ನಾನೂ ಕೇಳುತ್ತಿದ್ದೇನೆ.

ಗಿರಗಿಟ್ಲೆ


ಮೇ ೩

ಗಿರಗಿಟ್ಲೆಗೆ,

ಉತ್ತರ ಕೊಡದೆ ಬಂದದ್ದು ತಪ್ಪು. ಅವತ್ತು ಬಾಯಿಗೆ ಬರಲಿಲ್ಲ. ಬರೆಯಲು ಹದಿನೈದು ದಿನ ಬೇಕಾಯಿತು.

ಲಿಫ್ಟ್ ಅರ್ಧದಲ್ಲಿ ನಿಂತರೆ ಒಳಗೆ ಸಿಕ್ಕಿಕೊಂಡವರು ಬೆಲ್ ಒತ್ತುತ್ತಾರೆ. ಬಿಡದೆ ಒತ್ತುತ್ತಾರೆ. ಮೇಲೆ ನಾವು ಕೆಲಸ ಮಾಡುತ್ತಾ ಇರುತ್ತೇವೆ, ತಲೆ ಚಿಟ್ಟು ಹಿಡಿಯುತ್ತೆ. ‘ಬರ್ತಾ ಇದ್ದೀವಲ್ಲಪ್ಪಾ, ಒಂದು ನಿಮಿಷ ಸುಮ್ಮನಿರೋಕೆ ಏನು?’ ಅಂತ ಬೈಯುತ್ತೇವೆ. ನಾನೂ ಬೈದಿದ್ದೇನೆ. ಆದರೆ ಆ ಬೆಲ್ ಇದ್ದಕ್ಕಿದ್ದ ಹಾಗೆ ನಿಂತರೆ ಬೈಯುವವನೂ ಕೈಯಲ್ಲಿದ್ದದ್ದನ್ನು ಬಿಸಾಕಿ ಓಡುತ್ತಾನೆ. ಒಳಗಿರುವವರಿಗೆ ಏನಾಯಿತೋ ಅಂತ.

ನಿನ್ನ ಶಾಲೆಯಿಂದ ಫೋನ್ ನಿಂತ ಮೊದಲ ವಾರ ಹಾಯಾಗಿದ್ದೆ. ಎರಡನೇ ವಾರ ಫೋನನ್ನು ಸಾಮಾನಿನ ಪೆಟ್ಟಿಗೆಯಲ್ಲಿ ಇಡುವ ಬದಲು ಮೇಲಿನ ಜೇಬಿನಲ್ಲಿ ಇಟ್ಟುಕೊಂಡು ಹತ್ತಿದೆ. ಆಮೇಲೆ ಮನೆಯಿಂದ ನೀನೂ ಹೊರಟುಹೋದೆ. ವರ್ಷವಾದರೂ ಸದ್ದಿಲ್ಲ. ನಾನು ಓಡಿ ಬರಬೇಕಿತ್ತು. ಬರಲಿಲ್ಲ. ಕೂತಲ್ಲೇ ಕೂತೆ. ಮೊಬೈಲಿನಲ್ಲಿ ನಿನ್ನ ಪದ್ಯ ಬಂದಾಗ ನನ್ನನ್ನು ಬೈದಿದ್ದೀಯ ಅಂತ ನೋವಾಯಿತು, ಸುಳ್ಳಲ್ಲ. ಆದರೆ ಮೊದಲು ಅನ್ನಿಸಿದ್ದು ಅದಲ್ಲ. ಇದ್ದಾಳಲ್ಲ ಅಂತ ಅನ್ನಿಸಿತು. ಅದಕ್ಕೇ ಎರಡು ವರ್ಷ ಸುಮ್ಮನಿದ್ದೆ. ನಾನು ಎದುರು ಮಾತಾಡಿ ನೀನು ಬೈಯುವುದನ್ನೂ ನಿಲ್ಲಿಸಿಬಿಟ್ಟರೆ ಅಂತ ಹೆದರಿದ್ದೆ.

ಸಾಕಾಗಿಲ್ಲ ಅಂತ ಆ ಹುಡುಗಿಗೆ ಹೇಳು. ನೀನು ಹೇಳಿದರೆ ಅವಳು ನಂಬುವುದಿಲ್ಲ. ಜೂನ್ ಎರಡನೇ ಶನಿವಾರಕ್ಕೆ ರಜೆ ಬರೆದುಕೊಟ್ಟಿದ್ದೇನೆ. ಈ ಸಲ ಭಾನುವಾರ ನನ್ನ ಪಾಳಿ ಇಲ್ಲ.

ಅಪ್ಪ